ಹುಡುಕುವವರಿಲ್ಲದ ದಾರಿ

1839ರಲ್ಲಿ ಲಂಡನ್ನಿನಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಎಂಬ ಕಾದಂಬರಿ ಅಚ್ಚಾಯಿತು. ಬರೆದವನು ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್. ಅಮೀರ್ ಅಲಿ ಎಂಬ ಠಗ್ಗ ಸೆರೆಮನೆಯಲ್ಲಿ ಕೂತು ತನ್ನ ಬಾಳಿನ ಕಥೆಯನ್ನು ಬಿಳಿಯ ಸಾಹೇಬನಿಗೆ ತಾನೇ ಹೇಳುತ್ತಾನೆ. 719 ಜನರ ಕೊರಳಿಗೆ ರುಮಾಲು ಬಿಗಿದವನು ಅವನು. ಆ ಕೊಲೆಗಳನ್ನು ಒಂದೊಂದಾಗಿ ಬಿಚ್ಚಿಡುವ ರೀತಿಯಿಂದಲೇ ಪುಸ್ತಕ ಹೆಸರಾಯಿತು. ರಾಣಿ ವಿಕ್ಟೋರಿಯಾ ಪುಸ್ತಕ ಹೊರಬರುವವರೆಗೆ ಕಾಯಲಾರದೆ ಅಚ್ಚಿನ ಹಾಳೆಗಳನ್ನೇ ತರಿಸಿ ಓದಿದಳೆಂದು ಟೇಲರ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆದರೆ ಕಥೆ ಶುರುವಾಗುವುದು ಅಮೀರ್ ಅಲಿ ಮಾಡಿದ ಕೊಲೆಯಿಂದಲ್ಲ, ಅವನು ಕಳೆದುಕೊಂಡದ್ದರಿಂದ. ಅಮೀರ್ ಅಲಿ ಎಳೆಯ ಹುಡುಗನಾಗಿದ್ದಾಗ ತಂದೆತಾಯಿಯ ಜತೆ ಊರು ಬಿಟ್ಟು ಹೊರಟಿರುತ್ತಾನೆ. ದಾರಿಯಲ್ಲಿ ಜತೆಯಾದ ಸಭ್ಯಸ್ಥರಂಥ ಪಯಣಿಗರು ಒಂದು ರಾತ್ರಿ ಅವನ ತಾಯಿಯನ್ನೂ ತಂದೆಯನ್ನೂ ಕೊಲ್ಲುತ್ತಾರೆ. ಆ ಗುಂಪಿನ ಇಸ್ಮಾಯಿಲ್ ಹುಡುಗನನ್ನು ಮಗನಂತೆ ಸಾಕಿ ತನ್ನ ಕಸುಬನ್ನೇ ಕಲಿಸುತ್ತಾನೆ. ತಾಯಿ ಎತ್ತರವಾಗಿದ್ದಳು, ಬೆಳ್ಳಗಿದ್ದಳು ಎಂಬ ಮಸುಕು ನೆನಪನ್ನು ಬಿಟ್ಟರೆ ಅವನಲ್ಲಿ ಅವಳ ಗುರುತು ಉಳಿಯುವುದಿಲ್ಲ. ಊರಲ್ಲೇ ಉಳಿದಿದ್ದ ತಂಗಿಯನ್ನು ವರ್ಷಗಳ ನಂತರ ಗುರುತಿಲ್ಲದೆ ತಾನೇ ಕೊಲ್ಲುತ್ತಾನೆ. ಅವಳು ಯಾರೆಂಬುದು ಗೊತ್ತಾಗುವುದು ಕೊರಳಲ್ಲಿದ್ದ ಹಳೆಯ ನಾಣ್ಯವೊಂದರಿಂದ, ಅದೂ ಎಲ್ಲ ಮುಗಿದ ಮೇಲೆ. ಓದುಗರು ಉಸಿರು ಬಿಗಿಹಿಡಿದು ಓದಿದ ಆ ಕಾದಂಬರಿಯ ತಳದಲ್ಲಿರುವುದು ಹೀಗೆ ಕಾಣೆಯಾದ ತಾಯಿಯೊಬ್ಬಳು.

ಈ ತಾಯಿಯನ್ನು ಕಥೆಯ ಹೂಟವೆಂದು ಬಿಟ್ಟುಬಿಡುವುದು ಸುಲಭ. ನಾಯಕನ ಬಗ್ಗೆ ಓದುಗರಲ್ಲಿ ಕನಿಕರ ಹುಟ್ಟಬೇಕು, ಕೊನೆಯಲ್ಲಿ ಗುಟ್ಟೊಂದು ಒಡೆಯಬೇಕು, ಅದಕ್ಕೆ ಕಾದಂಬರಿಕಾರ ಹೂಡಿದ ಉಪಾಯವೆಂದು ಹೇಳಬಹುದು. ಆ ಓದು ಸಾಲದು ಎಂಬುದು ಇಲ್ಲಿನ ವಾದ. ಟೇಲರ್ ಬದುಕಿದ ಕಾಲದ ನಿಜಾಮ ಸೀಮೆಯಲ್ಲಿ, ಅದರಲ್ಲೂ ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು, ದೇವದುರ್ಗ, ಮಾನ್ವಿಗಳ ನೆಲದಲ್ಲಿ, ದಾರಿಗೆ ಬಿದ್ದ ಒಬ್ಬ ಹೆಣ್ಣುಮಗಳು ಮಾಯವಾದರೆ ಅವಳನ್ನು ಹುಡುಕಬೇಕಾದ ಹೊಣೆ ಯಾರದೂ ಆಗಿರಲಿಲ್ಲ. ಕಾದಂಬರಿಯ ನಿಜವಾದ ಭಯ ಠಗ್ಗರ ರುಮಾಲಿನಲ್ಲಿಲ್ಲ. ಕೊಲೆಯಾದ ಮೇಲೆ ಯಾರೂ ಕೇಳಿಕೊಂಡು ಬರುವುದಿಲ್ಲವೆಂಬ ಅವರ ಖಾತ್ರಿಯಲ್ಲಿದೆ. ಆ ಖಾತ್ರಿ ಎಲ್ಲಿಂದ ಬಂತೆಂದು ಕೇಳಿದರೆ ಈ ರೋಚಕ ಕಥೆ ನಮ್ಮ ಸೀಮೆಯ ಇತಿಹಾಸಕ್ಕೆ ಒಂದು ಸಾಕ್ಷಿಯಾಗುತ್ತದೆ. ಠಗ್ಗರ ದೇವರು ದಿಂಡರು, ಶಕುನ, ಗುಪ್ತಭಾಷೆಗಳ ಬಗ್ಗೆ ಅದು ಹೇಳುವುದನ್ನು ನಂಬಬೇಕಾಗಿಲ್ಲ. ದಾರಿಯ ಬಗ್ಗೆ ಅದು ಹೇಳುವುದನ್ನು ಮಾತ್ರ ತಳ್ಳಿಹಾಕುವಂತಿಲ್ಲ.

ಮೊದಲು ನೆಲವನ್ನೇ ನೋಡಬೇಕು. ಶಾಸನಗಳು ಎಡೆದೊರೆ ನಾಡೆಂದು ಕರೆದದ್ದು ಈ ಎರಡು ಹೊಳೆಗಳ ನಡುವಿನ ಸೀಮೆಯನ್ನೇ. ದೇವದುರ್ಗ ಕೃಷ್ಣೆಯ ಕಡೆಗಿದೆ, ಮಾನ್ವಿ ತುಂಗಭದ್ರೆಯ ಕಡೆಗಿದೆ, ರಾಯಚೂರು ಎರಡರ ನಡುವೆ ಕೋಟೆ ಕಟ್ಟಿಕೊಂಡು ಕೂತಿದೆ. ವಿಜಯನಗರಕ್ಕೂ ಬಹಮನಿಗಳಿಗೂ, ಆಮೇಲೆ ಬಿಜಾಪುರದ ಆದಿಲಶಾಹಿಗಳಿಗೂ ಇದು ಕಾದಾಟದ ಕಣವಾಗಿತ್ತೆಂಬುದು ಎಲ್ಲರೂ ಬಲ್ಲ ಸಂಗತಿ. 1520ರ ರಾಯಚೂರು ಕದನವನ್ನು ಶಾಲೆಯ ಮಕ್ಕಳೂ ಓದುತ್ತಾರೆ. ಆದರೆ ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಈ ಸೀಮೆ ಬೇರೆಯೇ ರೀತಿಯಲ್ಲಿ ಗಡಿನಾಡಾಯಿತು. 1800ರಲ್ಲಿ ಬಳ್ಳಾರಿಯ ಕಡೆಯ ಸೀಮೆಯನ್ನು ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ತುಂಗಭದ್ರೆ ದಾಟಿದರೆ ಇಂಗ್ಲಿಷರ ಕಲೆಕ್ಟರು. ಕೃಷ್ಣೆ ದಾಟಿ ಬಡಗಣಕ್ಕೆ ಹೋದರೆ ಸುರಪುರದ ನಾಯಕರ ಸಂಸ್ಥಾನ. ಮೂಡಣಕ್ಕೆ ಗದ್ವಾಲದ ಸಂಸ್ಥಾನ. ನಡುವೆ ನಿಜಾಮರ ತಾಲೂಕುದಾರರು, ಜಹಗೀರುಗಳು, ಬೇಡ ಪಾಳೆಯಗಾರರು ಹಿಂದೆ ಆಳಿದ ದೇವದುರ್ಗದಂಥ ಕೋಟೆಗಳು. ಕೆಲವೇ ದಿನ ನಡೆದರೆ ಮೂರು ನಾಲ್ಕು ಅಧಿಕಾರಗಳ ಹದ್ದು ದಾಟಿದಂತಾಗುತ್ತಿತ್ತು. ಒಂದು ಹದ್ದಿನಲ್ಲಿ ಹೊರಟವರು ಇನ್ನೊಂದು ಹದ್ದಿನಲ್ಲಿ ಇಲ್ಲವಾದರೆ, ಮೊದಲನೆಯವನಿಗೆ ಅವರು ಹೋದವರು, ಎರಡನೆಯವನಿಗೆ ಬಾರದೆ ಇದ್ದವರು. ಯಾರ ದಫ್ತರಿನಲ್ಲೂ ಅವರು ಕಾಣೆಯಾದವರಲ್ಲ.

ಆ ಕಾಲದಲ್ಲಿ ಜನ ಊರು ಬಿಟ್ಟು ಕದಲುತ್ತಿರಲಿಲ್ಲ, ಹೆಂಗಸರಂತೂ ಹೊಸಿಲು ದಾಟುತ್ತಿರಲಿಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಈ ನೆಲದ ಸಾಕ್ಷಿಯೇ ಅದನ್ನು ಒಪ್ಪುವುದಿಲ್ಲ. ಮಾನ್ವಿ ತಾಲೂಕಿನ ಚೀಕಲಪರ್ವಿಯ ವಿಜಯದಾಸರು (1682–1755) ಬಡತನದಿಂದ ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಕಾಶಿಯವರೆಗೆ ನಡೆದವರು. ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು ಅವರ ಶಿಷ್ಯರು. ಮಾನ್ವಿಯಲ್ಲಿ ನೆಲೆ ನಿಂತು ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು (1728–1809) ಆ ಪರಂಪರೆಯ ಮುಂದಿನ ಕೊಂಡಿ. ದಾಸರ ಬದುಕೇ ದಾರಿಯ ಬದುಕು: ಪಂಢರಪುರ, ತಿರುಪತಿ, ಮಂತ್ರಾಲಯ, ಶ್ರೀಶೈಲ. ದಾಸರು ನಡೆದ ದಾರಿಯಲ್ಲಿ ಸಾಮಾನ್ಯರೂ ನಡೆದರು. ಕೃಷ್ಣೆಯ ದಂಡೆಯ ತಿಂಥಣಿಯ ಮೌನೇಶ್ವರನ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಹರಿಗೋಲು ಹತ್ತಿ ಹೊಳೆ ದಾಟಿ ಹೋದರು. ಎಲ್ಲಮ್ಮನ ಹರಕೆ, ತವರಿನ ಬಾಣಂತನ, ಮಗಳ ಲಗ್ನ, ದಂಡಿನಲ್ಲಿದ್ದ ಗಂಡನನ್ನು ಕೂಡಿಕೊಳ್ಳುವುದು, ಬರಗಾಲದಲ್ಲಿ ಗುಳೆ ಹೋಗುವುದು, ಇವೆಲ್ಲ ಹೆಂಗಸರನ್ನು ದಾರಿಗೆ ತಂದ ಕಾರಣಗಳು. ಕೂಸನ್ನು ಕಂಕುಳಲ್ಲಿ, ಬುತ್ತಿಯನ್ನು ತಲೆಯ ಮೇಲೆ ಹೊತ್ತು ನಡೆದವರಿಗೆ ಒಂಟಿಯಾಗಿ ಹೋಗುವುದಕ್ಕಿಂತ ಗುಂಪಿನಲ್ಲಿ ಹೋಗುವುದು ಕ್ಷೇಮವೆನಿಸಿತು. ಠಗ್ಗರು ಬಳಸಿಕೊಂಡದ್ದು ಆ ನಂಬಿಕೆಯನ್ನೇ.

ಊರಿನ ಒಳಗೆ ರಕ್ಷಣೆಯ ಏರ್ಪಾಡು ಇರಲಿಲ್ಲವೆಂದಲ್ಲ. ತಳವಾರ ಇದ್ದ, ಪಟೇಲ ಇದ್ದ, ಕುಲಕರ್ಣಿಯ ಲೆಕ್ಕವಿತ್ತು. ದನ ಕಳುವಾದರೆ ತಳವಾರರು ಗೊರಸಿನ ಜಾಡು ಹಿಡಿದು ಹೋಗಿ, ಜಾಡು ಮುಂದಿನ ಊರಿನ ಎಲ್ಲೆ ಹೊಕ್ಕರೆ ಆ ಊರಿನವರಿಗೆ ಹೊಣೆ ವರ್ಗಾಯಿಸುವ ಕ್ರಮ ದಖ್ಖನಿನ ಹಳ್ಳಿಗಳಲ್ಲಿ ಬಲವಾಗಿತ್ತು. ಆದರೆ ಈ ಏರ್ಪಾಡಿಗೆ ಒಂದು ಮೂಲಭೂತ ಮಿತಿಯಿತ್ತು: ದೂರು ಕೊಡುವವನು ಅದೇ ಊರಿನವನಾಗಿರಬೇಕು. ದಾರಿಹೋಕಳ ಪರವಾಗಿ ದೂರು ಕೊಡುವವರು ಯಾರು? ಅವಳ ಬಂಧುಗಳಿಗೆ ಅವಳು ಎಲ್ಲಿ ಸತ್ತಳೆಂದು ಗೊತ್ತಿಲ್ಲ, ಅವಳು ಸತ್ತ ಊರಿಗೆ ಅವಳು ಬಂದದ್ದೇ ಗೊತ್ತಿಲ್ಲ. ತವರಿನವರು ಗಂಡನ ಮನೆಯಲ್ಲಿದ್ದಾಳೆಂದು ತಿಳಿದಿರುತ್ತಾರೆ, ಗಂಡನ ಮನೆಯವರು ತವರಿನಲ್ಲೇ ಉಳಿದಳೆಂದು ತಿಳಿದಿರುತ್ತಾರೆ. ಸುದ್ದಿ ಕೂಡಿ ಬರುವ ಹೊತ್ತಿಗೆ ತಿಂಗಳುಗಳು ಕಳೆದು, ಮಳೆ ಬಂದು, ಜಾಡು ಅಳಿದಿರುತ್ತದೆ. ಇದರ ಮೇಲೆ ನಿಜಾಮ ರಾಜ್ಯದ ಆಡಳಿತವೂ ಆಗ ಕುಸಿದಿತ್ತು. ದಿವಾನ ಚಂದೂಲಾಲನ ದೀರ್ಘ ಅಧಿಕಾರದಲ್ಲಿ ಕಂದಾಯದ ವಸೂಲಿಯನ್ನು ಗುತ್ತಿಗೆಗೆ ಕೊಡಲಾಗುತ್ತಿತ್ತು. ಗುತ್ತಿಗೆ ಹಿಡಿದವನಿಗೆ ಬೇಕಾದದ್ದು ಹಣ. ದಾರಿ ಕಾಯುವುದು ಅವನಿಗೆ ಬರೀ ಖರ್ಚು. ಅರಬರ, ರೋಹಿಲ್ಲರ ಬಾಡಿಗೆ ಪಡೆಗಳು ವಸೂಲಿಗೆ ಬರುತ್ತಿದ್ದವೇ ಹೊರತು ಕಳ್ಳರನ್ನು ಹಿಡಿಯುವುದಕ್ಕಲ್ಲ.

ಇಂಥ ದಾರಿಗಳಲ್ಲಿ ಕೊರಳಿಗೆ ಉರುಲು ಹಾಕಿ ಕೊಲ್ಲುವ ಗುಂಪುಗಳಿದ್ದವೆಂಬುದಕ್ಕೆ ಟೇಲರನಿಗಿಂತ ಹಳೆಯ ಆಧಾರವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸುಮಾರಿಗೆ ಬೆಂಗಳೂರಿನ ಬಳಿ ಇಂಥವರು ಸುಮಾರು ನೂರು ಮಂದಿ ಸಿಕ್ಕಿಬಿದ್ದರು. ಆಗ ಅವರ ಕಸುಬು ಏನೆಂಬುದೇ ಕಂಪನಿಯವರಿಗೆ ತಿಳಿಯಲಿಲ್ಲ. ಆಮೇಲಿನ ವರ್ಷಗಳಲ್ಲಿ ಚಿತ್ತೂರಿನ ಮ್ಯಾಜಿಸ್ಟ್ರೇಟ್ ವಿಲಿಯಂ ರೈಟ್ ಕೆಲವರನ್ನು ಹಿಡಿಸಿ ಹೇಳಿಕೆ ಪಡೆದ. 1816ರಲ್ಲಿ ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ ‘ಫಾಂಸಿಗಾರ’ರ ಬಗ್ಗೆ ದೀರ್ಘ ಲೇಖನ ಬರೆದ. ಕನ್ನಡಿಗರು ಅವರನ್ನು ತಂತಿ ಕಳ್ಳರೆಂದು ಕರೆಯುತ್ತಾರೆಂದೂ ಅದರಲ್ಲಿ ದಾಖಲಿಸಿದ್ದಾನೆ. ಅಂದರೆ ಕನ್ನಡ ನಾಡಿನ ಜನರಿಗೆ ಈ ಅಪಾಯ ಗೊತ್ತಿತ್ತು. ಗೊತ್ತಿದ್ದದ್ದು ಮಾತಿನಲ್ಲಿತ್ತು, ದಫ್ತರಿನಲ್ಲಿರಲಿಲ್ಲ. 1830ರ ದಶಕದಲ್ಲಿ ವಿಲಿಯಂ ಸ್ಲೀಮನ್ ಮಧ್ಯ ಭಾರತದಲ್ಲಿ ಮಾಫಿ ಸಾಕ್ಷಿಗಳನ್ನು ಹಿಡಿದು ದೊಡ್ಡ ಬೇಟೆ ಶುರುಮಾಡಿದ ಮೇಲೆ, ನಿಜಾಮ ಸೀಮೆಯಲ್ಲಿ ಆ ಕೆಲಸ ಕ್ಯಾಪ್ಟನ್ ರೆನಾಲ್ಡ್ಸ್‌ನ ಕೈಗೆ ಬಂತು. ಟೇಲರ್ ಆಗ ಹೈದರಾಬಾದಿನ ಹತ್ತಿರದ ಬೊಲಾರಂನಲ್ಲಿದ್ದು ಮಾಫಿ ಸಾಕ್ಷಿಗಳ ಹೇಳಿಕೆಗಳನ್ನು ತಾನೇ ಬರೆದುಕೊಂಡವನು. ಅದಕ್ಕೂ ಮೊದಲು, ಇನ್ನೂ ಇಪ್ಪತ್ತರ ಹರೆಯದಲ್ಲಿ, ನಿಜಾಮ ರಾಜ್ಯದ ನೈಋತ್ಯ ಭಾಗದ ಪೊಲೀಸ್ ಹೊಣೆ ಹೊತ್ತಿದ್ದ. ತನ್ನನ್ನು ಸೈನ್ಯಕ್ಕೆ ಮರಳಿ ಕರೆಸದೆ ಇದ್ದಿದ್ದರೆ ಠಗ್ಗರ ಗುಟ್ಟನ್ನು ತಾನೇ ಮೊದಲು ಬಯಲು ಮಾಡುತ್ತಿದ್ದೆನೆಂಬ ಕೊರಗು ಅವನಿಗೆ ಕೊನೆಯವರೆಗೂ ಇತ್ತು.

ಆ ಹೇಳಿಕೆಗಳಲ್ಲಿ ನಮ್ಮ ವಿಷಯಕ್ಕೆ ತೀರ ಮುಖ್ಯವಾದ ಎರಡು ಸಂಗತಿಗಳಿವೆ. ಒಂದು, ಕೊಂದವರ ಎಳೆಯ ಮಕ್ಕಳನ್ನು ಕೆಲವೊಮ್ಮೆ ಉಳಿಸಿ ಠಗ್ಗರು ತಮ್ಮ ಮನೆಗಳಲ್ಲಿ ಬೆಳೆಸಿಕೊಳ್ಳುತ್ತಿದ್ದರು. ಅಮೀರ್ ಅಲಿಯ ಕಥೆಗೆ ಬೀಜವಾದದ್ದು ಇದು. ಹಾಗೆ ಬೆಳೆದ ಮಗುವಿಗೆ ತಾಯಿ ಸತ್ತಳೆಂದೂ ಗೊತ್ತಿರುವುದಿಲ್ಲ, ಇದ್ದಳೆಂದೂ ಖಚಿತವಿರುವುದಿಲ್ಲ. ಎರಡನೆಯದು, ಹೆಂಗಸರನ್ನು ಕೊಲ್ಲಬಾರದೆಂಬ ಕಟ್ಟಳೆ ತಮ್ಮಲ್ಲಿತ್ತು, ಅದನ್ನು ಮುರಿದದ್ದರಿಂದಲೇ ತಮಗೆ ಕೇಡು ಬಂತು ಎಂದು ಮಾಫಿ ಸಾಕ್ಷಿಗಳು ಮತ್ತೆ ಮತ್ತೆ ಹೇಳಿದರು. ಈ ಮಾತನ್ನು ಅವರ ಧರ್ಮಭೀರುತನದ ಗುರುತೆಂದು ಸಾಹೇಬರು ಬರೆದುಕೊಂಡರು. ಇತಿಹಾಸಕ್ಕೆ ಅದು ಬೇರೆಯದನ್ನೇ ಹೇಳುತ್ತದೆ. ಕಟ್ಟಳೆ ಹುಟ್ಟಬೇಕಾದರೆ ದಾರಿಯಲ್ಲಿ ಹೆಂಗಸರು ಸಿಗುತ್ತಿರಬೇಕು. ಕಟ್ಟಳೆ ಮುರಿಯಿತೆಂದು ಅಷ್ಟು ಸಲ ಹೇಳಬೇಕಾದರೆ ಅದು ಅಷ್ಟು ಸಲ ಮುರಿದಿರಬೇಕು. ಗಂಡಸರನ್ನು ಕೊಂದು ಜತೆಗಿದ್ದ ಹೆಂಗಸನ್ನು ಬಿಟ್ಟರೆ ಅವಳೇ ಸಾಕ್ಷಿಯಾಗುತ್ತಾಳೆ. ಕಸುಬಿನ ಲೆಕ್ಕವೇ ಅವಳ ಸಾವನ್ನು ಬೇಡುತ್ತಿತ್ತು. ಆದ್ದರಿಂದ ಕುಟುಂಬದೊಡನೆ ಹೊರಟ ತಾಯಿಗೆ ಕಟ್ಟಳೆ ಯಾವ ಕಾವಲೂ ಆಗಿರಲಿಲ್ಲ.

ಇಲ್ಲಿ ಅತಿ ಗಂಭೀರವಾದ ಆಕ್ಷೇಪಕ್ಕೆ ಉತ್ತರ ಕೊಡಬೇಕು. ಠಗ್ಗರೆಂಬ ಪಂಥವೇ ಇಂಗ್ಲಿಷರ ಕಲ್ಪನೆಯ ಕೂಸು ಎಂದು ಕಳೆದ ನಾಲ್ಕೈದು ದಶಕಗಳ ಇತಿಹಾಸಕಾರರಲ್ಲಿ ಹಲವರು ವಾದಿಸಿದ್ದಾರೆ. ಅವರ ಆಧಾರಗಳು ಗಟ್ಟಿಯಾಗಿವೆ. ಸ್ಲೀಮನ್ನನ ಸಾಕ್ಷ್ಯದ ಬಹುಪಾಲು ಗಲ್ಲು ತಪ್ಪಿಸಿಕೊಳ್ಳಲು ಬಾಯಿಬಿಟ್ಟವರದು. ಕೇಳುವವನು ಏನು ಕೇಳಬೇಕೆಂದಿದ್ದನೋ ಅದನ್ನೇ ಹೇಳುವ ಕಾರಣ ಅವರಿಗಿತ್ತು. 1836ರ ಮೂವತ್ತನೆಯ ಕಾಯಿದೆ ಯಾವ ಕೊಲೆಯನ್ನೂ ನಿರ್ದಿಷ್ಟವಾಗಿ ಸಾಬೀತು ಮಾಡದೆ, ಠಗ್ಗರ ಗುಂಪಿಗೆ ಸೇರಿದ್ದನೆಂಬುದಷ್ಟರ ಮೇಲೆ ಜೀವಾವಧಿ ಶಿಕ್ಷೆಗೆ ದಾರಿ ಮಾಡಿತು. ಊರಿಂದೂರಿಗೆ ಅಲೆಯುವ ಸಮುದಾಯಗಳ ಮೇಲೆ ಹುಟ್ಟುಗಳ್ಳರೆಂಬ ಹಣೆಪಟ್ಟಿ ಅಂಟಿಸಿದ ಮುಂದಿನ ಕಾನೂನುಗಳಿಗೆ ಇದೇ ಮೇಲ್ಪಂಕ್ತಿಯಾಯಿತು. ಇದೆಲ್ಲ ನಿಜ, ಇದನ್ನು ಒಪ್ಪದೆ ಟೇಲರನನ್ನು ಓದಬಾರದು. ಆದರೆ ಪಂಥವಿರಲಿಲ್ಲ ಎಂಬುದು ಕೊಲೆಗಳಿರಲಿಲ್ಲ ಎಂಬುದಕ್ಕೆ ಸಮನಲ್ಲ. ಶೆರ್ವುಡ್‌ನ ಬರಹ ಸ್ಲೀಮನ್ನನ ಬೇಟೆಗಿಂತ ಹಿಂದಿನದು. ಮಾಫಿ ಸಾಕ್ಷಿಗಳು ತೋರಿಸಿದ ಜಾಗಗಳನ್ನು ಅಗೆದಾಗ ಹೆಣಗಳು ಸಿಕ್ಕವು. ಹೆಣ ಯಾರ ಹೇಳಿಕೆಯನ್ನೂ ತಿದ್ದುವುದಿಲ್ಲ. ಕೊಂದವರು ಭವಾನಿಯ ಭಕ್ತರೋ, ದಂಡಿನಿಂದ ಹೊರದೂಡಿದ ಸಿಪಾಯಿಗಳೋ, ಬರದಲ್ಲಿ ಹೊಲ ಕಳೆದುಕೊಂಡ ಒಕ್ಕಲಿಗರೋ ಎಂಬ ಪ್ರಶ್ನೆ ವಿದ್ವಾಂಸರಿಗೆ ಮುಖ್ಯ. ಸತ್ತವಳ ಮಗುವಿನ ಕಡೆಯಿಂದ ನೋಡಿದರೆ ಆ ಪ್ರಶ್ನೆಯ ಉತ್ತರ ಏನೇ ಆದರೂ ತಾಯಿ ಮನೆಗೆ ಬರಲಿಲ್ಲ. ನನ್ನ ವಾದ ನಿಂತಿರುವುದು ಆ ಸಂಗತಿಯ ಮೇಲೆ, ಪಂಥದ ಮೇಲಲ್ಲ.

ಅಮೀರ್ ಅಲಿಯ ಹುಟ್ಟೂರು ಮಾಳವದ ಕಡೆಯದು, ರಾಯಚೂರಿಗೂ ಆ ಕಾದಂಬರಿಗೂ ಏನು ನಂಟು ಎಂಬುದು ಇನ್ನೊಂದು ಆಕ್ಷೇಪ. ಹೌದು, ಕಥೆಯ ನೆಲ ವಿಸ್ತಾರವಾದದ್ದು; ಅದರ ಒಂದು ದೊಡ್ಡ ಭಾಗ ನಡೆಯುವುದು ಹೈದರಾಬಾದಿನಲ್ಲಿ. ಆದರೆ ಬರೆದವನ ತಿಳಿವಳಿಕೆ ಬೆಳೆದದ್ದು ನಿಜಾಮ ಸೀಮೆಯ ದಾರಿಗಳಲ್ಲಿ, ಅವನ ಬದುಕು ಬೇರುಬಿಟ್ಟದ್ದು ನಮ್ಮ ನೆರೆಯಲ್ಲಿ. 1841ರಲ್ಲಿ ಸುರಪುರಕ್ಕೆ ಬಂದ ಟೇಲರ್ 1853ರವರೆಗೆ ಅಲ್ಲಿ ಆಡಳಿತ ನೋಡಿಕೊಂಡ. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಸುರಪುರದ ಗುಡ್ಡದ ಮೇಲಿದೆ. ದೇವದುರ್ಗ ಅಲ್ಲಿಂದ ಹೊಳೆಯಾಚೆ. ನಿಜಾಮರ ಕಂಟಿಂಜೆಂಟ್ ಪಡೆಯ ಲಿಂಗಸುಗೂರು ದಂಡಿನ ನೆಲೆಯೂ ಇದೇ ಸೀಮೆಯದು. ಅವನು ಸತ್ತ ಮೇಲೆ 1878ರಲ್ಲಿ ಹೊರಬಂದ ‘ಎ ನೋಬಲ್ ಕ್ವೀನ್’ ಚಾಂದಬೀಬಿಯ ಕಾಲದ ಕಥೆ. ಅದರ ಮೊದಲ ಅಧ್ಯಾಯಗಳು ಕೃಷ್ಣೆಯ ಜಲದುರ್ಗದ ಸುತ್ತ ನಡೆಯುತ್ತವೆ, ಮುದಗಲ್ಲಿನ ಕ್ರೈಸ್ತರೂ ಅದರಲ್ಲಿ ಬರುತ್ತಾರೆ. ಆ ಕಥೆಯ ಜೋಹ್ರಾ ಕೂಡ ತಾಯಿಯ ಆಸರೆಯಿಲ್ಲದೆ ಅಜ್ಜನ ಮಡಿಲಲ್ಲಿ ಬೆಳೆದವಳು. ಬರವಣಿಗೆಯ ಮೊದಲ ಕಾದಂಬರಿಯಲ್ಲೂ ಕೊನೆಯದರಲ್ಲೂ ಒಬ್ಬನೇ ಲೇಖಕ ತಾಯಿಯ ಜಾಗವನ್ನು ಬರಿದಾಗಿಟ್ಟಿದ್ದಾನೆ. ಇದನ್ನು ಆ ಕಾಲದ ಇಂಗ್ಲಿಷ್ ಕಾದಂಬರಿಗಳ ರೂಢಿಯೆಂದು ಅರ್ಧ ವಿವರಿಸಬಹುದು. ಉಳಿದರ್ಧಕ್ಕೆ ಅವನು ಕಣ್ಣಾರೆ ಕಂಡ ನಾಡೇ ಕಾರಣವೆಂದು ನನಗೆ ತೋರುತ್ತದೆ.

ಮೂರನೆಯ ಆಕ್ಷೇಪ ರಾಜಕೀಯದ್ದು. ದೇಶೀ ಆಳ್ವಿಕೆಯಲ್ಲಿ ದಾರಿಗಳು ಸುಡುಗಾಡಾಗಿದ್ದವು, ಕಂಪನಿ ಬಂದು ಕಾಪಾಡಿತು ಎಂಬ ಕಥೆಯನ್ನೇ ಮತ್ತೆ ಹೇಳಿದಂತಾಗಲಿಲ್ಲವೇ? ಆ ಕಥೆ ಅರ್ಧ ಸತ್ಯ, ಉಳಿದರ್ಧವನ್ನು ಮುಚ್ಚಿಡುವುದರಿಂದ ಅಪಾಯಕಾರಿ. ನಿಜಾಮರ ಬೊಕ್ಕಸ ಬರಿದಾಗಲು ದೊಡ್ಡ ಕಾರಣ ಕಂಪನಿ ಅವರ ಮೇಲೆ ಹೇರಿದ ಸೈನ್ಯದ ವೆಚ್ಚ. ರೆಸಿಡೆಂಟ್ ಹೆನ್ರಿ ರಸೆಲ್‌ನ ಹೆಸರಿನ ಪಡೆಯಾಗಿ ಶುರುವಾದ ಕಂಟಿಂಜೆಂಟಿಗೆ ಸಂಬಳ ಕೊಡುತ್ತಿದ್ದವರು ನಿಜಾಮರು, ಆಳುತ್ತಿದ್ದವರು ಇಂಗ್ಲಿಷ್ ಅಧಿಕಾರಿಗಳು. ಆ ಸಂಬಳಕ್ಕಾಗಿ ಹೈದರಾಬಾದಿನ ಪಾಮರ್ ಕಂಪನಿಯಿಂದ ಭಾರೀ ಬಡ್ಡಿಯ ಸಾಲ ಎತ್ತಲಾಯಿತು. ಸಾಲ ತೀರಿಸಲು ಸೀಮೆಗಳು ಗುತ್ತಿಗೆಗೆ ಹೋದವು. ಗುತ್ತಿಗೆಯ ಕೆಳಗೆ ತಳವಾರನ ಮಾನ್ಯ, ದಾರಿಯ ಕಾವಲು ಎಲ್ಲ ಒಣಗಿದವು. ಟೇಲರ್ ಅದೇ ಪಡೆಯ ಅಧಿಕಾರಿ; ಅವನು ಮದುವೆಯಾದದ್ದು ಆ ಕಂಪನಿಯ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು. ಕೊನೆಗೆ 1853ರಲ್ಲಿ ಕಂಟಿಂಜೆಂಟಿನ ಬಾಕಿಗಾಗಿಯೇ ನಿಜಾಮರು ವರ್ಹಾಡ, ಧಾರಾಶಿವದ ಜತೆಗೆ ರಾಯಚೂರು ದೋಆಬನ್ನೂ ಕಂಪನಿಯ ಕೈಗೆ ಒಪ್ಪಿಸಬೇಕಾಯಿತು. 1860ರಲ್ಲಿ ಅದು ನಿಜಾಮರಿಗೆ ಮರಳಿತು. ಏಳು ವರ್ಷ ಒಂದು ಇಡೀ ಸೀಮೆ ಒತ್ತೆ ಬಿದ್ದಿತ್ತು. ದಾರಿಯನ್ನು ಅನಾಥ ಮಾಡಿದ ಸಾಲದಲ್ಲಿ ದಿವಾನನ ಪಾಲೂ ಇದೆ, ಕಂಪನಿಯ ಪಾಲೂ ಇದೆ. ಕಾದಂಬರಿ ಎರಡನೆಯದನ್ನು ಹೇಳುವುದಿಲ್ಲ, ಇತಿಹಾಸ ಹೇಳಬೇಕು.

ದಾಖಲೆಯಲ್ಲಿ ಯಾವ ತಾಯಿ ಉಳಿಯುತ್ತಾಳೆ, ಯಾವಳು ಅಳಿಯುತ್ತಾಳೆ ಎಂಬುದಕ್ಕೆ ಸುರಪುರವೇ ಒಂದು ಅಳತೆಗೋಲು. ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮ ಆಡಳಿತದ ಹಕ್ಕಿಗಾಗಿ ಗಟ್ಟಿಯಾಗಿ ನಿಂತಳು. ಟೇಲರ್ ಅವಳ ಬಗ್ಗೆ ತನ್ನ ಆತ್ಮಕಥೆಯಲ್ಲಿ ಪುಟಗಟ್ಟಲೆ ಬರೆದ, ಬಹುಮಟ್ಟಿಗೆ ತನ್ನ ದಾರಿಗೆ ಅಡ್ಡಿಯೆಂಬಂತೆ. ಆ ಹುಡುಗ ಟೇಲರನನ್ನು ಅಪ್ಪಾ ಎಂದು ಕರೆಯುತ್ತಾ ಬೆಳೆದ. 1858ರ ಫೆಬ್ರುವರಿಯಲ್ಲಿ ಇಂಗ್ಲಿಷರ ಮೇಲೆ ಎದ್ದ, ಸೆರೆಯಾದ, ಆ ವರ್ಷವೇ ಗುಂಡೇಟಿನಿಂದ ಸತ್ತ. ಈಶ್ವರಮ್ಮನನ್ನು ನಾವು ಇಂದು ಹೆಸರು ಹಿಡಿದು ನೆನೆಯುವುದು ಅವಳ ಕೈಯಲ್ಲಿ ಸಂಸ್ಥಾನವಿದ್ದುದರಿಂದ. ಅದೇ ವರ್ಷಗಳಲ್ಲಿ ಅದೇ ಹೊಳೆ ದಾಟಿದ ಬೇಡರ, ಕುರುಬರ, ಮಾದಿಗರ, ಜೋಗತಿಯರ ಮನೆಯ ತಾಯಂದಿರ ಒಂದು ಹೆಸರೂ ಅದೇ ಪುಸ್ತಕದಲ್ಲಿ ಉಳಿಯಲಿಲ್ಲ. ಕಾಣೆಯಾಗುವುದು ಎರಡು ಹಂತದಲ್ಲಿ ಆಗುತ್ತದೆ. ಮೊದಲು ದಾರಿಯಲ್ಲಿ, ಆಮೇಲೆ ಕಾಗದದಲ್ಲಿ. ಮೊದಲನೆಯದನ್ನು ಕೊಲೆಗಾರ ಮಾಡುತ್ತಾನೆ. ಎರಡನೆಯದಕ್ಕೆ ಕೊಲೆಗಾರನೇ ಬೇಕಾಗಿಲ್ಲ.

ಇದು ಎಷ್ಟು ನಿಜವೆಂಬುದಕ್ಕೆ ಠಗ್ಗರ ಕಾಲ ಮುಗಿದ ಮೇಲಿನ ಒಂದು ಸಾಕ್ಷಿ ಸಾಕು. 1871ರಲ್ಲಿ ಮುಂಬಯಿಯಿಂದ ಬಂದ ರೈಲುದಾರಿಯೂ ಮದರಾಸಿನಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿಕೊಂಡವು. ದೂರದ ಪಯಣ ಕಾಲ್ದಾರಿಯಿಂದ ಕಂಬಿಗೆ ಬಂತು, ಉರುಲಿನ ಭಯ ಹಳೆಯ ಕಥೆಯಾಯಿತು. ಐದೇ ವರ್ಷಕ್ಕೆ 1876–78ರ ಮಹಾ ಬರ ಬಂತು. ನಿಜಾಮ ರಾಜ್ಯದಲ್ಲಿ ಅದರ ಪೆಟ್ಟು ಬಲವಾಗಿ ಬಿದ್ದದ್ದು ರಾಯಚೂರು, ಲಿಂಗಸುಗೂರಿನ ಈ ಭಾಗಕ್ಕೆ. ಜನ ಊರೂರೇ ಗುಳೆ ಹೋದರು. ಕೆಲವರು ಪರಿಹಾರದ ಕಾಮಗಾರಿಗಳಲ್ಲಿ ಸತ್ತರು, ಕೆಲವರು ದಾರಿಯ ಮಗ್ಗುಲಲ್ಲಿ ಸತ್ತರು, ಕೆಲವರು ಹೋದಲ್ಲೇ ನೆಲೆನಿಂತರು. ಎಷ್ಟು ತಾಯಂದಿರು ಮರಳಲಿಲ್ಲವೆಂದು ಲೆಕ್ಕ ಹಾಕಲು ಮೊದಲು ಎಷ್ಟು ಮಂದಿ ಇದ್ದರೆಂದು ಗೊತ್ತಿರಬೇಕು. ಹೈದರಾಬಾದ್ ರಾಜ್ಯದ ಮೊದಲ ಜನಗಣತಿ ನಡೆದದ್ದು 1881ರಲ್ಲಿ, ಬರ ಮುಗಿದು ಮೂರು ವರ್ಷಕ್ಕೆ. ಎಣಿಸುವ ಮೊದಲೇ ಇಲ್ಲವಾದವರು ಅವರು. ರುಮಾಲು ಕೊಂದವರಿಗೆ ಒಂದು ಕಾದಂಬರಿಯಾದರೂ ದಕ್ಕಿತು, ಲಂಡನ್ನಿನ ಓದುಗರೂ ದಕ್ಕಿದರು. ಹಸಿವು ಕೊಂದವರು ಅವರಿಗಿಂತ ಎಷ್ಟೋ ಹೆಚ್ಚು, ಅವರ ಪರವಾಗಿ ಉಸಿರು ಬಿಗಿಹಿಡಿದವರು ಯಾರೂ ಇರಲಿಲ್ಲ. ಹಸಿವಿಗೆ ಹೆಸರಿಡಬಹುದಾದ ಖಳನಾಯಕನಿಲ್ಲ, ಅದರಲ್ಲಿ ಒಡೆಯುವ ಗುಟ್ಟಿಲ್ಲ, ಹಾಗಾಗಿ ರೋಚಕ ಕಥೆ ಅದರ ಕಡೆಗೆ ತಿರುಗಲಿಲ್ಲ. ಇದು ಆ ಸಾಹಿತ್ಯ ಪ್ರಕಾರದ ದೊಡ್ಡ ಮಿತಿ. ಕಾಣೆಯಾದವರನ್ನು ಅದು ಹುಡುಕುವುದು ಕೊಲೆಗಾರನಿದ್ದಾಗ ಮಾತ್ರ.

ಆ ಕಾಲದ ಮಾತು ಇಂದಿಗೆ ಯಾಕೆ ಬೇಕು ಎಂದರೆ, ದೇವದುರ್ಗ, ಮಾನ್ವಿಗಳ ಹಳ್ಳಿಗಳಿಂದ ಗುಳೆ ಹೋಗುವುದು ಇನ್ನೂ ನಿಂತಿಲ್ಲ. ಮಾನ್ವಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಬಂದಿದೆ, ದೇವದುರ್ಗಕ್ಕೆ ನಾರಾಯಣಪುರದ ಬಲದಂಡೆ ಕಾಲುವೆ ಬಂದಿದೆ. ಆದರೂ ಕಾಲುವೆಯ ಕೊನೆಗೆ ಬಿದ್ದ ಹೊಲದವರು, ಹೊಲವೇ ಇಲ್ಲದವರು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳು ಊರಲ್ಲಿ ಅಜ್ಜಿಯ ಕೈಯಲ್ಲಿ ಉಳಿಯುತ್ತಾರೆ. ತಾಯಿ ಹೊರಟ ಊರಿಗೆ ಅವಳು ಹೋದವಳು, ಸೇರಿದ ಊರಿಗೆ ಅವಳು ಮೇಸ್ತ್ರಿಯ ಲೆಕ್ಕದ ಒಂದು ಆಳು. ಇಂದು ಪೊಲೀಸ್ ಠಾಣೆಯಿದೆ, ದೂರವಾಣಿಯಿದೆ, ರಾಜ್ಯದಿಂದ ರಾಜ್ಯಕ್ಕೆ ವಲಸೆ ಹೋಗುವ ಕೆಲಸಗಾರರಿಗಾಗಿ 1979ರ ಕೇಂದ್ರ ಕಾಯಿದೆಯಿಂದ ಶುರುವಾದ ಕಾನೂನಿನ ಕಾಪೂ ಇದೆ. ಠಗ್ಗರ ಕಾಲಕ್ಕೂ ಇಂದಿಗೂ ಇರುವ ಅಂತರ ದೊಡ್ಡದು, ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಎರಡು ಹದ್ದುಗಳ ನಡುವೆ ಬಿದ್ದವಳ ಹೊಣೆ ಯಾರದು ಎಂಬ ಪ್ರಶ್ನೆಯ ಆಕಾರ ಬದಲಾಗಿಲ್ಲ.

ಹಾಗಾದರೆ ಟೇಲರನ ಪುಸ್ತಕವನ್ನು ಇಂದು ಹೇಗೆ ಓದಬೇಕು? ಸಾಮ್ರಾಜ್ಯದ ಪ್ರಚಾರವೆಂದು ಮೂಲೆಗೆ ಸರಿಸಿದರೆ ಅದರೊಳಗಿನ ತಾಯಿಯನ್ನು ಇನ್ನೊಮ್ಮೆ ಕಳೆದುಕೊಳ್ಳುತ್ತೇವೆ. ಮೈನವಿರೇಳಿಸುವ ಕಥೆಯೆಂದಷ್ಟೇ ಓದಿದರೆ ಕೊಲೆಗಾರನ ಮಾತಿಗೆ ಕಿವಿಗೊಟ್ಟು ಸತ್ತವಳ ಮೌನವನ್ನು ದಾಟಿ ಹೋಗುತ್ತೇವೆ. ಮೂರನೆಯದೊಂದು ಓದು ಇದೆ, ಅದು ಕೆಲಸ ಬೇಡುವ ಓದು. ಹೈದರಾಬಾದಿನ ದಫ್ತರಗಳಲ್ಲಿ ಇರುವ ಉರ್ದು, ಫಾರಸಿ, ಮೋಡಿ ಕಾಗದಗಳನ್ನು, ಠಗ್ಗಿ ಇಲಾಖೆಯ ಮೊಕದ್ದಮೆಯ ಹೇಳಿಕೆಗಳನ್ನು, ಬರಗಾಲದ ಪರಿಹಾರದ ಲೆಕ್ಕಗಳನ್ನು ಕನ್ನಡದ ಸಂಶೋಧಕರು ಕೊಲೆಗಾರರ ಪಟ್ಟಿಗಾಗಿ ಅಲ್ಲ, ದಾರಿಯಲ್ಲಿದ್ದ ಹೆಂಗಸರ ಪಟ್ಟಿಗಾಗಿ ಮತ್ತೆ ಓದಬೇಕು. ಯಾವ ಊರಿನವಳು, ಯಾವ ಊರಿಗೆ ಹೊರಟಿದ್ದಳು, ಜತೆಗೆ ಎಷ್ಟು ಮಕ್ಕಳಿದ್ದರು ಎಂಬ ಸಣ್ಣ ವಿವರಗಳು ಹೇಳಿಕೆಗಳ ನಡುವೆ ಹೂತಿರುತ್ತವೆ. ರಾಯಚೂರಿನ ಇತಿಹಾಸವನ್ನು ನಾವು ಇದುವರೆಗೆ ಕೋಟೆಗಳ ಮೂಲಕ ಬರೆದಿದ್ದೇವೆ, ಏಕೆಂದರೆ ಕೋಟೆ ಕಟ್ಟಿದವರು ಕಲ್ಲಿನ ಮೇಲೆ ಹೆಸರು ಕೊರೆಸಿದರು. ದಾರಿಯ ಇತಿಹಾಸವನ್ನೂ ಬರೆಯಬೇಕು. ತಾಯಿ ಕಾಣೆಯಾದರೆ ಹುಡುಕುವುದು ಮಕ್ಕಳ ಕೆಲಸವೆಂದು ಒಪ್ಪುವ ಸಮಾಜ, ತನ್ನ ಸೀಮೆಯ ತಾಯಂದಿರು ಕಾಗದದಲ್ಲಿ ಕಾಣೆಯಾಗಿರುವಾಗ ಆ ಕೆಲಸ ತನ್ನದೆಂದು ಒಪ್ಪಲೇಬೇಕು.